ಶರಣಪ್ಪ ಹೂಗಾರರ ವೋಟು

ಗಂಡ ತೀರಿಕೊಂಡು ಏಳು ವರ್ಷವಾಗಿದ್ದರೂ ಇನ್ನೂ ವೋಟು ಹಾಕುತ್ತಿದ್ದಾರೆ ಎಂದು ಚಂಪಕ್ಕ ನನಗೆ ಹೇಳಿದ್ದು ಮೊದಲ ದಿನವೇ. ನಾನಿನ್ನೂ ಹೆಗಲ ಚೀಲ ಕೆಳಗಿಟ್ಟಿರಲಿಲ್ಲ.

2003ರ ಮಾರ್ಚ್ ಅದು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಬೆಂಗಳೂರಿನ ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿತ್ತು. ಗೆಸ್ಟ್ ಹೌಸಿನ ಅಡುಗೆಯಲ್ಲಿ ಮೀನಿಲ್ಲದ ದಿನವೇ ಇರಲಿಲ್ಲ. ಹದಿನೈದು ದಿನ ಬರೀ ಅನ್ನ ಮೊಸರು ತಿಂದವಳಿಗೆ ಕನ್ನಡ ಸಂಘದವರೊಬ್ಬರು ಒಂದು ವಿಳಾಸ ಕೊಟ್ಟರು: ಖಿದಿರ್‌ಪುರ, ಟ್ರಾಮ್ ಡಿಪೋ ಹಿಂದಿನ ಗಲ್ಲಿ, ಎರಡನೇ ಮಹಡಿ, ಚಂಪಾ ಹೂಗಾರ. "ಆಫೀಸಿಗೆ ದೂರ ಆಗತ್ತೆ, ಆದರೆ ರೊಟ್ಟಿ ಸಿಗತ್ತೆ" ಎಂದಿದ್ದರು.

ಬಾಗಿಲು ತೆರೆದವರು ಅರವತ್ತು ದಾಟಿದ, ಕಡ್ಡಿಯಂಥ ಮೈಯ ಹೆಂಗಸು. ನಾನು "ಆಂಟಿ" ಎಂದೆ.

"ಆಂಟಿ ಗೀಂಟಿ ಬ್ಯಾಡವಾ. ಚಂಪಕ್ಕ ಅನ್ನು. ನಿನ್ನ ಹೆಸರ ನಮ್ರತಾ ಅಲ್ಲ? ಇದ ನಿನ್ನ ಖೋಲಿ. ಅದ ನಮ್ಮ ಮನಿಯವರ ಫೋಟೋ, ಶರಣಪ್ಪ ಹೂಗಾರ. ತೀರ್ಕೊಂಡ ಏಳ ವರ್ಷಾತು. ಆದ್ರ ವೋಟ್ ಹಾಕೂದು ಬಿಟ್ಟಿಲ್ಲ."

ತಮಾಷೆಯಿರಬೇಕೆಂದು ನಾನು ನಕ್ಕೆ. ಅವರು ನಗಲಿಲ್ಲ.

ಚಂಪಕ್ಕ ಗದಗಿನವರು. ತವರಿನಲ್ಲಿ ಗುಡಿಗೆ ಹೂ ಕಟ್ಟಿ ಕೊಡುವ ಮನೆತನ. ಮದುವೆಯಾಗಿ ಎರಡು ವರ್ಷಕ್ಕೆ, 1964ರಲ್ಲಿ, ಗಂಡನ ಹಿಂದೆ ಕಲ್ಕತ್ತೆಗೆ ಬಂದರು. ಶರಣಪ್ಪನವರು ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಟ್ಯಾಲಿ ಕ್ಲರ್ಕು. ಹಡಗಿನಿಂದ ಇಳಿಯುವ ಮೂಟೆ ಪೆಟ್ಟಿಗೆಗಳ ಲೆಕ್ಕ ಗುರುತಿಸುವ ಕೆಲಸ. ಬಂದ ಆರು ತಿಂಗಳಲ್ಲಿ ಚಂಪಕ್ಕ ಕೆಳಮನೆಯ ಹೆಂಗಸರ ಜೊತೆ ನಲ್ಲಿಯ ಹತ್ತಿರ ಜಗಳವಾಡಲು ಸಾಕಾಗುವಷ್ಟು ಬಂಗಾಳಿ ಕಲಿತರು. ಮೂರು ವರ್ಷಕ್ಕೆ ಪರೀಕ್ಷೆ ಕಟ್ಟಿ ಟೆಲಿಫೋನ್ ಆಪರೇಟರ್ ಆದರು. ಚಂಪಾ ಎಂಬುದು ಬಂಗಾಳಿಗಳಲ್ಲೂ ಇರುವ ಹೆಸರಾದ್ದರಿಂದ ಅನೇಕರು ಅವರನ್ನು ತಮ್ಮವರೆಂದೇ ತಿಳಿದಿದ್ದರು. ಮೊದಮೊದಲು ಚಂಪಾದೀದಿ, ಕೂದಲು ನೆರೆತ ಮೇಲೆ ಇಡೀ ಗಲ್ಲಿಗೆ ಮಾಶಿಮಾ, ಅಂದರೆ ಚಿಕ್ಕಮ್ಮ.

ಮೂವತ್ತೈದು ವರ್ಷ ಡಾಲ್‌ಹೌಸಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೂ ಊರಿಗೂ ಮಾತು ಜೋಡಿಸಿದರು. ಆಗ ಒಂದು ಟ್ರಂಕ್ ಕಾಲಿಗೆ ಜನ ಅರ್ಧ ದಿನ ಕಾಯುತ್ತಿದ್ದರು. ಒಮ್ಮೆ, ಎಪ್ಪತ್ನಾಲ್ಕರಲ್ಲಿ, ದೊಡ್ಡ ಅಧಿಕಾರಿಯೊಬ್ಬರ ಕಾರ್ಯದರ್ಶಿ ಫೋನು ಮಾಡಿ ಸಾಹೇಬರ ಡಾರ್ಜಿಲಿಂಗ್ ಕಾಲನ್ನು ಮೊದಲು ಕೊಡು ಎಂದನಂತೆ. ಸರದಿಯಲ್ಲಿ ಮುಂದಿದ್ದವನು ಮೇದಿನೀಪುರದ ಯಾರೋ ಬಡಪಾಯಿ; ವೆಲ್ಲೂರಿನ ಆಸ್ಪತ್ರೆಯಲ್ಲಿದ್ದ ಮಗಳ ಸುದ್ದಿಗಾಗಿ ಬೆಳಗಿನಿಂದ ಕಾದಿದ್ದ. ಚಂಪಕ್ಕ ಸರದಿ ಬಿಡಲಿಲ್ಲ. ಮೇಲಿನವರು ಮೆಮೋ ಕೊಟ್ಟರು. ಅದಕ್ಕೆ ಅವರು ಬರೆದ ಉತ್ತರ ಒಂದೇ ಸಾಲು: "ದಯವಿಟ್ಟು ನನ್ನ ಸರದಿ ಪಟ್ಟಿ ನೋಡಿ." ಆ ವರ್ಷದ ಇನ್‌ಕ್ರಿಮೆಂಟು ಹೋಯಿತು.

"ಬ್ಯಾಸರಾಗ್ಲಿಲ್ಲಾ?" ಎಂದು ನಾನು ಅವರದೇ ಧಾಟಿಯಲ್ಲಿ ಕೇಳಿದ್ದೆ.

"ಯಾಕ ಬ್ಯಾಸರ? ಆ ಮೇದಿನೀಪುರದಾಂವ ಮಾತಾಡಿದ್ನಲ್ಲ."

ಮಕ್ಕಳಾಗಲಿಲ್ಲ. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ತೊಂಬತ್ತಾರರ ಚಳಿಗಾಲದಲ್ಲಿ ಶರಣಪ್ಪನವರು ಹಡಗುಕಟ್ಟೆಯ ಗೇಟಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಚಂಪಕ್ಕ ದೇಹವನ್ನು ಊರಿಗೆ ಒಯ್ದು ಮಣ್ಣು ಮಾಡಿ, ಒಂದು ತಿಂಗಳಿದ್ದು, ಮತ್ತೆ ಇಲ್ಲಿಗೇ ಬಂದರು. "ಅಲ್ಲಿ ನಾ ಯಾರಿಗೂ ಬೇಕಾಗಿದ್ದಿಲ್ಲ, ಇಲ್ಲಿ ನನಗ ಕೆಲಸ ಇತ್ತು" ಎಂದರು ಅದರ ಬಗ್ಗೆ.

ವೋಟಿನ ವಿಷಯ ಗೊತ್ತಾಗಿದ್ದು 2001ರ ವಿಧಾನಸಭೆ ಚುನಾವಣೆಯ ದಿನ. ಮತಗಟ್ಟೆಯ ಅಧಿಕಾರಿ ಅವರ ಹೆಸರು ಹುಡುಕಲು ಪಟ್ಟಿ ತೆರೆದಾಗ, ಅವರ ಹೆಸರಿನ ಮೇಲಿನ ಸಾಲಿನಲ್ಲೇ ಶರಣಪ್ಪ ಹೂಗಾರ ಎಂದಿತ್ತು. ಆ ಹೆಸರಿಗೆ ಕೆಂಪು ಗೀಟು ಬಿದ್ದಿತ್ತು. ಅಂದರೆ ಆ ಮನುಷ್ಯ ಬಂದು ವೋಟು ಹಾಕಿ ಹೋಗಿದ್ದ. ಚಂಪಕ್ಕ ಕೇಳಿದರು: "ಇವರು ಯಾವಾಗ ಬಂದಿದ್ದರು?" ಅಧಿಕಾರಿ ತಲೆಯೆತ್ತದೆ "ಮುಂದಿನವರು ಬನ್ನಿ" ಎಂದ. ಅದಕ್ಕೂ ಹಿಂದಿನ ಎರಡು ಲೋಕಸಭಾ ಚುನಾವಣೆಗಳಲ್ಲೂ ಶರಣಪ್ಪನವರು ತಪ್ಪದೆ ಮತದಾನ ಮಾಡಿದ್ದರೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ಚಂಪಕ್ಕ ಹೆಸರು ತೆಗೆಸಲು ಅರ್ಜಿ ಕೊಟ್ಟರು. ಮರಣ ಪ್ರಮಾಣಪತ್ರ ಲಗತ್ತಿಸಿ ಮೂರು ಸಲ ಕೊಟ್ಟರು. ಪ್ರತಿ ಸಲವೂ ಕಚೇರಿಯವರು ಒಂದು ರಸೀದಿ ಕೊಟ್ಟರು. ಹೆಸರು ಹೋಗಲಿಲ್ಲ. ನಾನು ಬಂದ ಹೊಸದರಲ್ಲಿ ಆ ರಸೀದಿಗಳನ್ನು ನೋಡಿ, "ಬಿಡಿ ಚಂಪಕ್ಕ, ಇಡೀ ದೇಶದಲ್ಲಿ ಹೀಗೇ ನಡೆಯೋದು. ಒಂದು ವೋಟಿಂದ ಏನಾಗತ್ತೆ?" ಎಂದೆ.

ಅವರು ಹಿಟ್ಟು ನಾದುತ್ತಿದ್ದರು. ಕೈ ನಿಲ್ಲಿಸಿದರು.

"ಒಂದ ವೋಟಿನ ಮಾತಲ್ಲವಾ ಇದು. ನಮ್ಮ ಮನಿಯವರು ಇಡೀ ಜೀವಮಾನ ಇಲ್ಲದ ಮೂಟಿ ಐತಿ ಅಂತ ಬರೀಲಿಲ್ಲ. ಬರಿ ಅಂತ ಹೆದರಿಸಿದ್ರು, ಬರೀಲಿಲ್ಲ. ಈಗ ಅವರ ಹೆಸರ್ಲೇ ಯಾವನೋ ಕಳ್ಳತನ ಮಾಡಾಕತ್ತಾನ. ನಾ ಸುಮ್ಮನಿರಬೇಕಾ?"

ನಾನು ರಸೀದಿಗಳನ್ನು ಇದ್ದ ಹಾಗೇ ಮಡಿಸಿಟ್ಟೆ.

ಆ ವರ್ಷ ಜುಲೈನಲ್ಲಿ ನಮ್ಮ ಕ್ಷೇತ್ರದ ಶಾಸಕ ಬದರಿನಾಥ ಸಾಮಂತ ತೀರಿಕೊಂಡರು. ನಾಲ್ಕು ಸಲ ಗೆದ್ದವರು, ವಯಸ್ಸಾಗಿತ್ತು, ಕಾಯಿಲೆಯಿತ್ತು. ಒಳ್ಳೆಯ ಮನುಷ್ಯನೆಂದೇ ಚಂಪಕ್ಕ ಹೇಳುತ್ತಿದ್ದರು. ಗಲ್ಲಿಯ ಕ್ಲಬ್ಬಿನ ಮುಂದೆ ಅವರ ಫೋಟೋ ಇಟ್ಟು ರಜನೀಗಂಧದ ಹಾರ ಹಾಕಿದಾಗ ಚಂಪಕ್ಕ ಹೋಗಿ ಕೈಮುಗಿದು ಬಂದರು. ತಿಂಗಳೊಳಗೆ ಪತ್ರಿಕೆಯಲ್ಲಿ ಸ್ಥಾನ ತೆರವಾಗಿದೆ ಎಂಬ ಪ್ರಕಟಣೆ ಬಂತು. ನವೆಂಬರ್ ಹೊತ್ತಿಗೆ ಉಪಚುನಾವಣೆಯ ದಿನಾಂಕವೂ ಬಂತು: ಡಿಸೆಂಬರ್ ಮೊದಲ ವಾರ.

ಚಂಪಕ್ಕ ಹೊಸ ಮತದಾರರ ಪಟ್ಟಿ ನೋಡಲು ಹೋದರು. ವಾಪಸ್ ಬಂದಾಗ ಮುಖ ಕೆಂಪಾಗಿತ್ತು.

"ನೋಡವಾ ನಮ್ರತಾ. ಬದರಿನಾಥ ಬಾಬು ಸತ್ತಿದ್ದು ಜುಲೈದಾಗ. ಆತನ ಹೆಸರ ತಗದಾರ. ನಮ್ಮವರು ಸತ್ತ ಏಳ ವರ್ಷಾತು. ಅವರ ಹೆಸರ ಹಂಗ ಐತಿ. ಶಾಸಕ ಆದ್ರ ಸಾಯಬಹುದು, ಟ್ಯಾಲಿ ಕ್ಲರ್ಕ್ ಆದ್ರ ಸಾಯಾಕೂ ಬಿಡೂದಿಲ್ಲ ಇವರು!"

ಆ ರಾತ್ರಿಯ ಊಟಕ್ಕೆ ಅವರು ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಬೆಳಗಾಗುವಷ್ಟರಲ್ಲಿ ಏನು ಮಾಡಬೇಕೆಂದು ನಿಶ್ಚಯಿಸಿದ್ದರು.

ಹಳೇ ಇಲಾಖೆಯ ಅಭ್ಯಾಸ. ನಿಯಮದ ಪುಸ್ತಕ ಓದದೆ ಅವರು ಯಾವ ಜಗಳಕ್ಕೂ ಇಳಿಯುತ್ತಿರಲಿಲ್ಲ. ಎಲ್ಲಿಂದಲೋ ಚುನಾವಣಾ ಕೈಪಿಡಿಯ ಜೆರಾಕ್ಸ್ ತಂದರು. ಕೆಂಪು ಪೆನ್ಸಿಲ್ ಹಿಡಿದು ಎರಡು ದಿನ ಓದಿದರು. ಮತಗಟ್ಟೆಯೊಳಗೆ ಪ್ರತಿ ಅಭ್ಯರ್ಥಿಗೂ ಒಬ್ಬ ಏಜೆಂಟ್ ಕೂರಬಹುದು. ಬಂದವನು ನಿಜವಾದ ಮತದಾರನಲ್ಲ ಎಂದು ಏಜೆಂಟಿಗೆ ಅನ್ನಿಸಿದರೆ ಎರಡು ರೂಪಾಯಿ ಕಟ್ಟಿ ಆಕ್ಷೇಪಣೆ ಎತ್ತಬಹುದು. ಆಗ ಮತಗಟ್ಟೆಯ ಮುಖ್ಯಾಧಿಕಾರಿ ಅಲ್ಲೇ ವಿಚಾರಣೆ ಮಾಡಲೇಬೇಕು.

"ಮಾಡಲೇಬೇಕು ಅಂತ ಬರದಾರ" ಎಂದು ಆ ಪದದ ಕೆಳಗೆ ಎರಡು ಗೆರೆ ಎಳೆದು ನನಗೆ ತೋರಿಸಿದರು.

ಏಜೆಂಟ್ ಆಗಬೇಕಾದರೆ ಅಭ್ಯರ್ಥಿ ಬೇಕು. ದೊಡ್ಡ ಪಕ್ಷಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಟ್ರಾಮ್ ಡಿಪೋ ಹತ್ತಿರ ಹೋಮಿಯೋಪತಿ ಔಷಧಿ ಕೊಡುತ್ತಿದ್ದ ಅಪೂರ್ವ ಬಾಬು ಎಂಬ ವೃದ್ಧರಿದ್ದರು. ಗಲ್ಲಿಯ ಚರಂಡಿ ಸರಿಮಾಡಿಸಬೇಕೆಂಬ ಒಂದೇ ಬೇಡಿಕೆಯಿಟ್ಟುಕೊಂಡು ಪ್ರತಿ ಚುನಾವಣೆಗೂ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಳ್ಳುವವರು. ಈ ಸಲ ಅವರ ಗುರುತು ಸೀಲಿಂಗ್ ಫ್ಯಾನು. ಚಂಪಕ್ಕ ಅವರ ಬಳಿ ಹೋಗಿ ನಿಮ್ಮ ಏಜೆಂಟ್ ಆಗುತ್ತೇನೆ ಎಂದಾಗ ಅವರು ಕೈಯಲ್ಲಿದ್ದ ಸೀಸೆ ಕೆಳಗಿಟ್ಟರಂತೆ.

"ಮೂವತ್ತು ವರ್ಷದಲ್ಲಿ ನನಗೆ ಯಾರೂ ಏಜೆಂಟ್ ಆಗಿಲ್ಲ. ನಾನು ಗೆಲ್ಲೋದಿಲ್ಲ, ಗೊತ್ತಲ್ಲ?"

"ನೀವು ಗೆಲ್ಲೋದು ಬೇಡ. ಇಲ್ಲಿ ಸಹಿ ಹಾಕಿ" ಎಂದರು ಚಂಪಕ್ಕ.

ಸುದ್ದಿ ಗಲ್ಲಿಯಲ್ಲಿ ನಿಲ್ಲುವಂಥದ್ದಲ್ಲ. ಚುನಾವಣೆಗೆ ಎರಡು ದಿನವಿದೆ ಎನ್ನುವಾಗ ಸಂಜೆ ಆರಕ್ಕೆ ಧ್ರುವ ಬಂದ. ಆಳುವ ಪಕ್ಷದ ನಮ್ಮ ಗಲ್ಲಿಯ ಮುಖಂಡ; ವಯಸ್ಸು ನಲವತ್ತೈದಿರಬಹುದು. ಅವನು ಚಡ್ಡಿ ಹಾಕಿಕೊಂಡು ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದಾಗಿನಿಂದ ಚಂಪಕ್ಕ ನೋಡಿದ್ದರು. ಕೈಯಲ್ಲಿ ಸಂದೇಶ ಎಂಬ ಬಂಗಾಳಿ ಸಿಹಿತಿಂಡಿಯ ಪೊಟ್ಟಣ. ನಾನು ಆಗಷ್ಟೇ ಆಫೀಸಿನಿಂದ ಬಂದು ಒಳಕೋಣೆಯಲ್ಲಿದ್ದೆ. ಅಷ್ಟರಲ್ಲಿ ನನ್ನ ಬಂಗಾಳಿಯೂ ಕೇಳಿದ್ದು ತಿಳಿಯುವಷ್ಟಾಗಿತ್ತು.

"ಮಾಶಿಮಾ, ಈ ವಯಸ್ಸಿನಲ್ಲಿ ಬೆಳಗಿನಿಂದ ಸಂಜೆವರೆಗೂ ಮರದ ಬೆಂಚಿನ ಮೇಲೆ ಯಾಕೆ ಕೂರ್ತೀರಿ? ಮೊಣಕಾಲು ನೋಯಲ್ವಾ?"

"ಮೂವತ್ತೈದು ವರ್ಷ ಕೂತ ಅಭ್ಯಾಸ ಇದೆ ಧ್ರುವ."

"ಮೇಶೋಮಶಾಯ್ ಹೆಸರಿನ, ನಮ್ಮ ಚಿಕ್ಕಪ್ಪನ ಹೆಸರಿನ ಚಿಂತೆ ತಾನೆ? ಚುನಾವಣೆ ಮುಗೀಲಿ, ನಾನೇ ತೆಗೆಸಿ ಕೊಡ್ತೀನಿ."

"ಹಾಗಾದ್ರೆ ತೆಗೆಸೋದು ನಿನ್ನ ಕೈಯಲ್ಲಿತ್ತು. ಇಷ್ಟು ದಿನ ಯಾಕೆ ತೆಗೆಸಲಿಲ್ಲ?"

ಧ್ರುವ ಪೊಟ್ಟಣ ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಅವನ ದನಿ ಬದಲಾಯಿತು.

"ನೋಡಿ ಮಾಶಿಮಾ. ನೀವು ಹೊರಗಿನವರು. ನಮ್ಮ ಪಾಡಾ, ಇಡೀ ಕೇರಿ, ನಿಮ್ಮನ್ನ ಮನೆಯವರ ಹಾಗೆ ನೋಡ್ಕೊಂಡಿದೆ. ಒಬ್ಬರೇ ಇರೋರು. ಮನೇಲಿ ವಯಸ್ಸಿನ ಹುಡುಗಿ ಬೇರೆ ಇದ್ದಾಳೆ, ರಾತ್ರಿ ತಡವಾಗಿ ಬರ್ತಾಳೆ."

ಚಂಪಕ್ಕನ ಕುರ್ಚಿ ಸರಿದ ಸದ್ದು ಕೇಳಿಸಿತು.

"ಈ ಗಲ್ಲಿಗೆ ನಾನು ಬಂದಾಗ ನೀನು ಆರು ವರ್ಷದವನು. ನಿಮ್ಮಪ್ಪ ಅಸ್ಸಾಮಿನಲ್ಲಿ ಕಾಯಿಲೆ ಬಿದ್ದಾಗ ಮೂರು ದಿನ ಲೈನು ಹುಡುಕಿ ನಿಮ್ಮಮ್ಮನಿಗೆ ಮಾತು ಕೊಡಿಸಿದ್ದು ನಾನು. ಹೊರಗಿನವಳು ಅಂತ ಆವತ್ತು ಹೇಳಬೇಕಿತ್ತು. ಆ ಹುಡುಗಿಯ ಮಾತು ಇನ್ನೊಂದು ಸಲ ನಿನ್ನ ಬಾಯಲ್ಲಿ ಬಂದರೆ, ಇದೇ ಮಾತನ್ನ ನಾನು ಬರೆದು, ನಿನ್ನ ಹೆಸರು ಹಾಕಿ, ಚುನಾವಣಾ ವೀಕ್ಷಕರಿಗೆ ಕೊಟ್ಟು ಬರ್ತೀನಿ. ಸಂದೇಶ ತಗೊಂಡು ಹೋಗು."

ಅವನು ಇಳಿದು ಹೋದ ಮೇಲೆ ನಾನು ಹೊರಗೆ ಬಂದೆ. "ಚಂಪಕ್ಕ, ದಯವಿಟ್ಟು ಬೇಡ. ನಂಗೆ ಭಯ ಆಗ್ತಿದೆ. ನಿಮಗೆ ಏನಾದ್ರೂ ಮಾಡಿಬಿಟ್ರೆ?"

"ನಿನಗ ಅಂಜಿಕಿ ಆಗ್ತಿದ್ರ ಎರಡ ದಿನ ಗೆಳತಿ ಮನಿಗೆ ಹೋಗವಾ. ನಾ ತಪ್ಪ ತಿಳಿಯೂದಿಲ್ಲ, ಖರೇನ ಹೇಳ್ತೀನಿ" ಎಂದರು. ಬಾಗಿಲ ಚಿಲಕ ಹಾಕುತ್ತ, "ಅಂಜಿಕಿ ನನಗೂ ಐತಿ. ಆದ್ರ ಅಂವಗ ಅದನ್ನ ಯಾಕ ತೋರಿಸ್ಲಿ?" ಎಂದರು.

ನಾನು ಹೋಗಲಿಲ್ಲ. ಮತದಾನದ ದಿನ ರಜೆ ಕೇಳಿದೆ. ಇಲ್ಲಿ ವೋಟೇ ಇಲ್ಲದವಳಿಗೆ ರಜೆ ಯಾಕೆ ಎಂದು ಮ್ಯಾನೇಜರು ಕೇಳಿದಾಗ, ಹೊಟ್ಟೆನೋವು ಎಂದು ಸುಳ್ಳು ಹೇಳಿದೆ.

ಮತಗಟ್ಟೆ ಇದ್ದದ್ದು ನಮ್ಮ ಗಲ್ಲಿಯ ಪ್ರಾಥಮಿಕ ಶಾಲೆಯಲ್ಲಿ. ಬೆಳಗಿನ ಆರಕ್ಕೇ ಚಂಪಕ್ಕ ಇಳಕಲ್ ಸೀರೆಯುಟ್ಟು, ಕೈಪಿಡಿ, ಕನ್ನಡಕ, ಮರಣ ಪ್ರಮಾಣಪತ್ರ, ನೀರಿನ ಬಾಟಲಿ, ನಾಲ್ಕು ಚಪಾತಿ ತೆಗೆದುಕೊಂಡು ಹೊರಟರು. ನಾನು ಎದುರಿನ ಚಹಾದಂಗಡಿಯ ಹತ್ತಿರ ನಿಂತಿದ್ದೆ. ಒಳಗೆ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಆದರೆ ಚಂಪಕ್ಕ ಆಮೇಲೆ ಅದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಆ ಬೆಂಚಿನ ತುದಿಯಲ್ಲಿ ಕೂತಿದ್ದೆನೇನೋ ಅನ್ನಿಸುತ್ತದೆ.

ಮತಗಟ್ಟೆಯ ಮುಖ್ಯಾಧಿಕಾರಿ ವಿಶ್ವೇಶ್ವರ ಬಾಬು ಎಂಬ ಗಣಿತದ ಮೇಷ್ಟ್ರು. ಡಮ್ ಡಮ್‌ನಿಂದ ಚುನಾವಣೆ ಕೆಲಸಕ್ಕೆ ನೇಮಕವಾಗಿ ಬಂದವರು, ಹಿಂದಿನ ರಾತ್ರಿ ಶಾಲೆಯ ಡೆಸ್ಕುಗಳ ಮೇಲೆಯೇ ಮಲಗಿದ್ದವರು. ಗೋಡೆಗೆ ಹತ್ತಿದ ಬೆಂಚಿನ ಮೇಲೆ ನಾಲ್ಕು ಜನ ಏಜೆಂಟರು. ಮೂವರು ಗಂಡಸರು, ಒಬ್ಬರು ಚಂಪಕ್ಕ.

ಎಂಟು ಗಂಟೆಯ ಸುಮಾರಿಗೆ ಒಬ್ಬ ಬಂದ. ಚೌಕಳಿ ಅಂಗಿ, ಬಣ್ಣ ಹಚ್ಚಿದ ಮೀಸೆ. ಅವನ ಚೀಟಿ ನೋಡಿ ಅಧಿಕಾರಿ ಗಟ್ಟಿಯಾಗಿ ಓದಿದರು: "ನಾನ್ನೂರ ಹನ್ನೆರಡು. ಶರಣಪ್ಪ ಹೂಗಾರ."

ಚಂಪಕ್ಕ ಎದ್ದು ನಿಂತರು. "ಆಕ್ಷೇಪಣೆ ಇದೆ."

ಟ್ರಂಕ್ ಎಕ್ಸ್‌ಚೇಂಜಿನ ಧ್ವನಿ ಅದು. ಕಿರುಚದೆಯೇ ಗೋಡೆಯಾಚೆಗೆ ಹೋಗುತ್ತಿತ್ತು. ವರಾಂಡದ ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಉಳಿದ ಮೂವರು ಏಜೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಶಾಲೆಯಲ್ಲಿ ಅಂಥ ಮಾತು ಯಾರೂ ಆಡಿದ್ದಿಲ್ಲ.

"ಏನು ಆಕ್ಷೇಪಣೆ?" ಎಂದರು ವಿಶ್ವೇಶ್ವರ ಬಾಬು.

"ಇವರು ಶರಣಪ್ಪ ಹೂಗಾರ ಅಲ್ಲ."

"ನಿಮಗೆ ಹೇಗೆ ಗೊತ್ತು?"

"ಶರಣಪ್ಪ ಹೂಗಾರ ನನ್ನ ಗಂಡ. ಮೂವತ್ನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ಮುಖ ಮರೆಯೋದಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚೌಕಳಿ ಅಂಗಿಯವನು, "ಒಂದೇ ಹೆಸರಿನವರು ಇಬ್ಬರು ಇರಬಾರದಾ?" ಎಂದ.

"ಇರಬಹುದು. ಆದರೆ ಪಟ್ಟಿಯಲ್ಲಿರೋ ಮನೆ ನಂಬರು ನನ್ನದು. ಎರಡು ಕೋಣೆ, ಒಂದು ಅಡುಗೆಮನೆ. ನಿಮ್ಮನ್ನ ಅಲ್ಲಿ ಒಂದು ದಿನವೂ ನೋಡಿಲ್ಲ." ಚಂಪಕ್ಕ ಎರಡು ರೂಪಾಯಿಯ ನಾಣ್ಯ ಮೇಜಿನ ಮೇಲಿಟ್ಟರು. "ವಿಚಾರಣೆ ಮಾಡಿ."

ವಿಶ್ವೇಶ್ವರ ಬಾಬು ಎದ್ದು ಅವರ ಹತ್ತಿರ ಬಂದು ದನಿ ತಗ್ಗಿಸಿದರು. "ಮಾಶಿಮಾ, ನಾನು ಸಂಜೆ ಪೆಟ್ಟಿಗೆ ಒಪ್ಪಿಸಿ ಮನೆಗೆ ಹೋಗಬೇಕು. ಹೆಂಡತಿ ಮಕ್ಕಳಿದ್ದಾರೆ. ಹೊರಗೆ ಎಷ್ಟು ಜನ ನಿಂತಿದ್ದಾರೆ ನೋಡಿ."

"ನೀವು ಡಮ್ ಡಮ್‌ಗೆ ಹೋಗಿಬಿಡ್ತೀರಿ ಬಾಬು. ನಾನು ಇದೇ ಗಲ್ಲಿಯಲ್ಲಿ ಇರಬೇಕು. ನಾಳೆಯೂ, ನಾಡಿದ್ದೂ. ಹಾಗಿದ್ದೂ ನಾನು ಎದ್ದು ನಿಂತಿದ್ದೀನಿ. ನೀವು ಬರೀ ಬರೆದುಕೊಂಡರೆ ಸಾಕು."

ಮೇಷ್ಟ್ರು ಒಮ್ಮೆ ವರಾಂಡದ ಸಾಲಿನ ಕಡೆ ನೋಡಿದರು. ಆಮೇಲೆ ಹೋಗಿ ಕುರ್ಚಿಯಲ್ಲಿ ಕೂತು, ಪೆನ್ನು ತೆಗೆದು, ಆ ಮನುಷ್ಯನ ಕಡೆ ತಿರುಗಿದರು. "ನಿಮ್ಮ ತಂದೆಯ ಹೆಸರು?"

ಅವನು ಚೀಟಿ ನೋಡಿ ಬಂಗಾಳಿ ಉಚ್ಚಾರದಲ್ಲಿ, "ಬಾಶಪ್ಪಾ" ಎಂದ.

"ಚೀಟಿ ಕೆಳಗಿಡೋಕೆ ಹೇಳಿ" ಎಂದರು ಚಂಪಕ್ಕ. ಅವನು ಇಟ್ಟ. ಆಗ ಅವರು ಕನ್ನಡದಲ್ಲಿ ಕೇಳಿದರು: "ಗದಗಿನಾಗ ನಿಮ್ಮ ಮನಿ ಯಾವ ಓಣ್ಯಾಗ ಐತ್ರಿ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ. "ನಾನು ಇಲ್ಲೇ ಹುಟ್ಟಿದ್ದು. ಆ ಭಾಷೆ ಮರೆತುಹೋಗಿದೆ" ಎಂದ ಬಂಗಾಳಿಯಲ್ಲಿ.

"ಆಗಲಿ, ಮರೆಯೋದು ಸಹಜ. ನಿಮ್ಮ ವಯಸ್ಸು?"

"ನಲವತ್ತೊಂದು."

ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಗೊತ್ತಾಯಿತು. ವಿಶ್ವೇಶ್ವರ ಬಾಬು ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಅರವತ್ತೈದು ಅಂತಿದೆ" ಎಂದರು. ಈ ಸಲ ವರಾಂಡದ ತುಂಬ ನಗು. ಚಂಪಕ್ಕ ಮರಣ ಪ್ರಮಾಣಪತ್ರವನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಅವರು ನಗಲಿಲ್ಲ. "ಈ ಮನುಷ್ಯ ಯಾರೆಂದು ನನಗೆ ಗೊತ್ತಿಲ್ಲ. ನನ್ನ ಗಂಡ ಎಲ್ಲಿದ್ದಾರೆಂದು ಗೊತ್ತು" ಎಂದರು.

ಮೇಷ್ಟ್ರು ಆಕ್ಷೇಪಣೆ ಸಾಬೀತಾಗಿದೆ ಎಂದು ಬರೆದು ಸಹಿ ಹಾಕಿದರು. ಪೊಲೀಸಿಗೆ ಒಪ್ಪಿಸಲು ಕಾನ್‌ಸ್ಟೇಬಲನ್ನು ಕರೆದರು. ಕಾನ್‌ಸ್ಟೇಬಲ್ ನಿಧಾನಕ್ಕೆ ಲಾಠಿ ಗೋಡೆಗೆ ಒರಗಿಸಿ ಬರುವಷ್ಟರಲ್ಲಿ ಚೌಕಳಿ ಅಂಗಿ ಮಾಯವಾಗಿತ್ತು. ಅವನು ಶಾಲೆಯ ಗೇಟು ದಾಟಿ ಟ್ರಾಮ್ ಹಳಿಯ ಕಡೆ ಓಡಿದ್ದನ್ನು ನಾನೇ ನೋಡಿದೆ. ಏನಾಯಿತೆಂದು ತಿಳಿಯದೆ ನನಗೆ ಚಂಪಕ್ಕನ ಚಿಂತೆಯೇ ಹತ್ತಿತ್ತು.

ಅರ್ಧ ಗಂಟೆಯಲ್ಲಿ ಧ್ರುವ ಐದಾರು ಜನರೊಂದಿಗೆ ಬಂದ. ಅವರನ್ನು ಗೇಟಿನಲ್ಲಿ ನಿಲ್ಲಿಸಿ ತಾನೊಬ್ಬನೇ ಮತಗಟ್ಟೆಯ ಬಾಗಿಲಿಗೆ ಹೋದ.

"ಮಾಶಿಮಾ, ಹೊರಗೆ ಬನ್ನಿ. ಮಾತಾಡೋದಿದೆ."

"ಸಂಜೆ ಮನೆಗೆ ಬಾ, ಚಹಾ ಮಾಡ್ತೀನಿ. ಈಗ ಕೆಲಸದಲ್ಲಿದ್ದೀನಿ."

"ಮೂವತ್ತೊಂಬತ್ತು ವರ್ಷ ಈ ಪಾಡಾದಲ್ಲಿದ್ದೀರಿ. ಯಾರಾದ್ರೂ ನಿಮಗೆ ತೊಂದರೆ ಕೊಟ್ಟಿದ್ದಾರಾ?"

"ಕೊಟ್ಟಿದ್ದೀರಿ" ಎಂದರು ಚಂಪಕ್ಕ. "ಸತ್ತ ನನ್ನ ಗಂಡನ್ನ ಮೂರು ಸಲ ಎಬ್ಬಿಸಿ ಇಲ್ಲಿಗೆ ನಡೆಸ್ಕೊಂಡು ಬಂದಿದ್ದೀರಿ."

ಸಾಲಿನಲ್ಲಿ ಆಗ ಯಾರೂ ನಗಲಿಲ್ಲ. ಧ್ರುವ ವಿಶ್ವೇಶ್ವರ ಬಾಬುವಿನ ಕಡೆ ನೋಡಿದ. ಆ ಹೆದರುಪುಕ್ಕಲು ಮೇಷ್ಟ್ರಿಗೆ ಅಷ್ಟರಲ್ಲಿ ಏನಾಗಿತ್ತೋ. ಬಹುಶಃ ಒಮ್ಮೆ ಸಹಿ ಹಾಕಿದ ಮೇಲೆ ಹೆದರಿ ಪ್ರಯೋಜನವಿಲ್ಲ ಅನ್ನಿಸಿರಬೇಕು. "ನೀವು ಮತದಾರರಾದರೆ ಸಾಲಿನಲ್ಲಿ ನಿಲ್ಲಿ. ಇಲ್ಲದಿದ್ದರೆ ಬಾಗಿಲು ಬಿಡಿ" ಎಂದರು. ಧ್ರುವ ಹೋದ. ಹೋಗುವಾಗ ಚಹಾದಂಗಡಿಯ ಮುಂದೆ ನಿಂತು ನನ್ನನ್ನು ಒಂದು ಕ್ಷಣ ದಿಟ್ಟಿಸಿದ. ನಾನೂ ದಿಟ್ಟಿಸಿದೆ.

ಆಮೇಲೆ ಒಳಗೆ ಇನ್ನೂ ಏಳು ಸಲ ಚಂಪಕ್ಕ ಎದ್ದು ನಿಂತರು. ನಾಲ್ವರು ಪ್ರಶ್ನೆಗೂ ಮೊದಲೇ, ಇಬ್ಬರು ಮೊದಲ ಪ್ರಶ್ನೆಗೇ ಹಿಂದೆ ತಿರುಗಿ ಹೋದರು. ಒಬ್ಬರ ವಿಷಯದಲ್ಲಿ ಚಂಪಕ್ಕನದೇ ತಪ್ಪಾಯಿತು. ಆತ ನಿಜವಾದ ಮತದಾರನೇ, ಊರಿಂದ ಬಹಳ ವರ್ಷಕ್ಕೆ ಬಂದಿದ್ದ. ಎಲ್ಲರೆದುರು ಕೈಮುಗಿದು ಕ್ಷಮೆ ಕೇಳಿದರು. ಮಧ್ಯಾಹ್ನ ನಮ್ಮ ಎದುರುಮನೆಯ ದರ್ಜಿಯ ಹೆಂಡತಿ ರುಕ್ಸಾನಾ ಬಂದಾಗ ಅವಳ ವೋಟನ್ನು ಬೆಳಿಗ್ಗೆಯೇ ಯಾರೋ ಹಾಕಿ ಹೋಗಿದ್ದರು. ಅವಳ ಹೆಸರಿನಲ್ಲಿ ಬುರ್ಖಾ ಹಾಕಿಕೊಂಡು ಬಂದಿದ್ದವಳನ್ನು ಗುರುತು ಹಿಡಿಯಲು ಚಂಪಕ್ಕನಿಗೆ ಆಗಿರಲಿಲ್ಲ. ರುಕ್ಸಾನಾ ಕಣ್ಣೊರೆಸಿಕೊಂಡು ಹೊರಟಾಗ ಚಂಪಕ್ಕ, "ಹೋಗಬೇಡ, ನಿಲ್ಲು" ಎಂದು ಕೈಪಿಡಿಯ ಪುಟ ತೆಗೆದು ಮೇಷ್ಟ್ರ ಮುಂದಿಟ್ಟರು. ಅಂಥವರಿಗೆ ಬೇರೆ ಕಾಗದದ ಮತಪತ್ರ ಕೊಡಬೇಕೆಂಬ ನಿಯಮವಿತ್ತು. ರುಕ್ಸಾನಾ ಕಾಗದದ ಮೇಲೆ ಮುದ್ರೆ ಒತ್ತಿ, ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಬಂದಳು. ಆ ಬೆರಳನ್ನು ಇಡೀ ಸಾಲಿಗೆ ತೋರಿಸುತ್ತ ಹೋದಳು.

ಮತದಾನ ಮುಗಿಯುವವರೆಗೂ ಚಂಪಕ್ಕ ಜಾಗ ಬಿಟ್ಟು ಹೊರಗೆ ಹೋಗಲಿಲ್ಲ. ಅವರು ಕದಲಿದರೆ ಬೆಂಚಿನ ಜಾಗ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ನೀರನ್ನೂ ಕುಡಿದಿರಲಿಲ್ಲ. ಹೊರಬಂದಾಗ ಮೊಣಕಾಲು ಹಿಡಿದು ನಡೆಯಲಾಗುತ್ತಿರಲಿಲ್ಲ. ನಾನು ಮತ್ತು ರುಕ್ಸಾನಾ ಎರಡೂ ಕಡೆ ಹಿಡಿದುಕೊಂಡು ಮನೆ ಮುಟ್ಟಿಸಿದೆವು. ಗಲ್ಲಿಯಲ್ಲಿ ಕೆಲವರು ಕಿಟಕಿ ಮುಚ್ಚಿದರು. ಕೆಲವರು ಮುಚ್ಚಲಿಲ್ಲ.

ಆಳುವ ಪಕ್ಷದ ಅಭ್ಯರ್ಥಿ ಹತ್ತೊಂಬತ್ತು ಸಾವಿರದ ಅಂತರದಲ್ಲಿ ಗೆದ್ದ. ಅಪೂರ್ವ ಬಾಬುವಿಗೆ ಮುನ್ನೂರ ಹನ್ನೊಂದು ವೋಟು ಬಂದು ಠೇವಣಿ ಹೋಯಿತು. ತಮ್ಮ ಜೀವನದ ಅತಿ ಹೆಚ್ಚಿನ ಮತವೆಂದು ಅವರು ರಸಗುಲ್ಲ ಹಂಚಿದರು. ನಮ್ಮ ಶಾಲೆಯ ಮತಗಟ್ಟೆಯಲ್ಲಿ ಹಿಂದಿನ ಸಲ ನೂರಕ್ಕೆ ತೊಂಬತ್ಮೂರರಷ್ಟು ಮತದಾನವಾಗಿತ್ತು. ಈ ಸಲ ಐವತ್ತೆಂಟು.

"ಉಳದ ಮೂವತ್ತೈದ ಮಂದಿ ಎಲ್ಲಿ ಹ್ವಾದ್ರು?" ಎಂದು ಪತ್ರಿಕೆ ಮಡಿಸುತ್ತ ಚಂಪಕ್ಕ ಕೇಳಿದರು. "ಮಲಗಿದ್ರು ಪಾಪ, ಮಲಗಲಿ."

ಬೆಲೆ ತೆರದೆ ಆಗಲಿಲ್ಲ. ಕೆಲಸದವಳು ಬರುವುದು ನಿಂತಿತು. ಅವಳಿಗೆ ಯಾರೋ ಹೋಗಬೇಡವೆಂದು ಹೇಳಿದ್ದರು. ಪೇಪರಿನವನೂ ನಿಲ್ಲಿಸಿದ. ಒಂದು ಬೆಳಿಗ್ಗೆ ನೋಡಿದರೆ ಬಾಗಿಲಿಗೆ ಡಾಂಬರು ಬಳಿದಿದ್ದರು. ನಾನು ಸೀಮೆಎಣ್ಣೆ ತಂದು ಉಜ್ಜಲು ಹೋದರೆ ಚಂಪಕ್ಕ ಬಿಡಲಿಲ್ಲ. "ಇರಲಿ ಬಿಡು. ಬರೂ ಮಂದಿಗೆ ಮನಿ ಗುರ್ತ ಹಿಡಿಯಾಕ ಅನುಕೂಲ ಆಗ್ತೈತಿ" ಎಂದರು. ಮೂರು ತಿಂಗಳು ಆ ಡಾಂಬರು ಹಾಗೇ ಇತ್ತು. ರುಕ್ಸಾನಾ ದಿನಾ ಬೆಳಿಗ್ಗೆ ಬಂದು ಪಾತ್ರೆ ತೊಳೆದುಕೊಟ್ಟು, ತಾನು ತರಿಸುತ್ತಿದ್ದ ಉರ್ದು ಪತ್ರಿಕೆಯನ್ನು ಚಂಪಕ್ಕನಿಗೆ ಓದಿ ಹೇಳಿ ಹೋಗುತ್ತಿದ್ದಳು.

ಜನವರಿಯಲ್ಲಿ ಹೊಸ ಪಟ್ಟಿ ಬಂತು. ನಾನೂ ಅವರ ಜೊತೆ ನೋಡಲು ಹೋಗಿದ್ದೆ. ಚಂಪಕ್ಕ ಬೆರಳಿಟ್ಟು ಸಾಲು ಸಾಲು ಇಳಿದರು. ಅವರ ಹೆಸರಿನ ಮೇಲೆ ಈಗ ಬೇರೆ ಯಾರದೋ ಹೆಸರಿತ್ತು. ಶರಣಪ್ಪ ಹೂಗಾರ ಇರಲಿಲ್ಲ. ನಾನು ಖುಷಿಯಿಂದ ಅವರ ತೋಳು ಹಿಡಿದೆ. ಅವರು ಬಿಡಿಸಿಕೊಂಡು ಹೊರನಡೆದರು. ಕಚೇರಿಯ ಹೊರಗಿನ ಕಟ್ಟೆಯ ಮೇಲೆ ಕೂತರು.

"ಇಷ್ಟ ವರ್ಷ ತಗೀರಿ ತಗೀರಿ ಅಂತ ಬಡಕೊಂಡೆ" ಎಂದರು. "ಈಗ ಆ ಜಾಗಾದಾಗ ಅವರ ಹೆಸರ ಹುಡಕಾಕತ್ತೀನಿ ನೋಡವಾ."

"ಆದ್ರ ಹಿಂಗ ಹೋಗಬೇಕಿತ್ತು. ಮರ್ಯಾದಿಲೆ" ಎಂದು ಅವರೇ ಮುಂದುವರಿಸಿದರು.

ಅಲ್ಲಿಂದ ಎದ್ದು ಸೀದಾ ಮತ್ತೆ ಒಳಗೆ ಹೋದರು. ನಮ್ಮ ಗಲ್ಲಿಯ ಇನ್ನೂ ಹನ್ನೊಂದು ಸತ್ತವರ ಹೆಸರು ಬರೆದ ಹಾಳೆ ಅವರ ಚೀಲದಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ವರ್ಷ ನನ್ನನ್ನು ಕಂಪನಿ ಪುಣೆಗೆ ಕಳಿಸಿತು. 2006ರ ವಿಧಾನಸಭೆ ಚುನಾವಣೆಯ ಹಿಂದಿನ ದಿನ ನೆನಪಾಗಿ ಫೋನು ಮಾಡಿದೆ. ಅರವತ್ನಾಲ್ಕರ ಚಂಪಕ್ಕ ಈ ಸಲವೂ ಏಜೆಂಟು. ಗಲ್ಲಿಯ ಇನ್ನೂ ಐದು ಹೆಂಗಸರು ಬೇರೆ ಬೇರೆ ಅಭ್ಯರ್ಥಿಗಳ ಏಜೆಂಟರಾಗಿ ಸಹಿ ಹಾಕಿದ್ದರಂತೆ, ರುಕ್ಸಾನಾಳೂ ಸೇರಿ. ಫೋನಿನಲ್ಲಿ ಅವರ ಹಿಂದೆ ಗಲಾಟೆಯೋ ಗಲಾಟೆ, ಯಾರೋ ಕೈಪಿಡಿ ಜೋರಾಗಿ ಓದುತ್ತಿದ್ದರು, ಯಾರೋ ತಿದ್ದುತ್ತಿದ್ದರು.

"ಹೇಗಿದ್ದೀರಿ ಚಂಪಕ್ಕ? ಮೊಣಕಾಲು ಹೇಗಿದೆ? ಧ್ರುವ ಮತ್ತೆ ಬಂದಿದ್ನಾ?"

"ಬಂದಿದ್ದ, ಬಂದಿದ್ದ. ಈ ಸಲ ಸಂದೇಶದ ಪೊಟ್ಟಣ ತರಲಿಲ್ಲ" ಎಂದರು. "ನಮ್ರತಾ, ನಾಡಿದ್ದ ಮಾಡವಾ ಫೋನು. ಇಲ್ಲೆ ಒಬ್ಬಾಕಿ ಬಂದು ಕುಂತಾಳ. ಜೀವಂತ ಅದಾಳ, ಕಣ್ಣ ಮುಂದ ಚಹಾ ಕುಡ್ಯಾಕತ್ತಾಳ, ಪಟ್ಟ್ಯಾಗ ಆಕಿ ಸತ್ತಾಳ ಅಂತ ಹೆಸರ ಹೊಡದಾರ. ನಾಳೆ ಮುಂಜಾನೆ ಏಳಕ್ಕ ಆಕಿನ್ನ ಕರಕೊಂಡ ಹೋಗಬೇಕು."